ಆರನೇ ಕ್ಲಾಸಿನ ಕೇರಂ ಬೋರ್ಡು

“ನೀ ನನ್ನ ಕಡೀನ ಹೇಳ್ತೀ, ಹೌದಿಲ್ಲೋ?”

ಬಿಸಿಯೂಟದ ತಟ್ಟೆ ತೊಳೆಯುತ್ತಲೇ ಉಮಾಶ್ರೀ ಕೇಳಿದಳು. ಫರ್ಹೀನ್ ತೊಳೆದ ತಟ್ಟೆಯನ್ನೇ ಬೇಕೆಂದು ಇನ್ನೊಮ್ಮೆ ತಿಕ್ಕಿದಳು.

ಉಮಾಶ್ರೀ ಶಾಲಾ ಸಂಸತ್ತಿನ ಪ್ರಧಾನಿ. ಫರ್ಹೀನ್‌ಗೆ ಒಂದನೇ ಕ್ಲಾಸಿನಿಂದಲೂ ಜೀವದ ಗೆಳತಿ. ಈ ವರ್ಷ ಸಂಕರ್ಷಣ ಸರ್, ಸಂಸತ್ತು ಇದ್ದಮೇಲೆ ಕೋರ್ಟೂ ಬೇಕು ಎಂದು ಫರ್ಹೀನ್‌ಳನ್ನು ನ್ಯಾಯಾಧೀಶೆ ಮಾಡಿದ್ದರು. ಕುರ್ಚಿಯೇನೋ ಸಿಕ್ಕಿತು, ಕೇಸು ಮಾತ್ರ ಒಂದೂ ಬಂದಿರಲಿಲ್ಲ. ಬಂದ ಮೊದಲ ಕೇಸೇ ಕುತ್ತಿಗೆಗೆ ಬಂದಿತ್ತು.

ಆರನೇ ಕ್ಲಾಸಿನವರು ರಾಯಚೂರಿನ ಕ್ವಿಜ್‌ನಲ್ಲಿ ಒಂದು ಕೇರಂ ಬೋರ್ಡು ಗೆದ್ದಿದ್ದರು. ಊಟ ಮುಗಿದರೆ ಸಾಕು, ತಮ್ಮ ಕೋಣೆಯಲ್ಲಿ ಅದೇ ಆಟ. ಆಟ ಸ್ವಲ್ಪ, ಗದ್ದಲ ಬಹಳ! ನಿನ್ನೆ ಉಮಾಶ್ರೀಗೆ ಸಿಟ್ಟು ನೆತ್ತಿಗೇರಿತು. ಬೋರ್ಡನ್ನು ಎತ್ತಿಕೊಂಡು ಹೋಗಿ ಆಟದ ಸಾಮಾನಿನ ಕೋಣೆಯಲ್ಲಿಟ್ಟು ಬೀಗ ಜಡಿದಳು. ಆ ಕ್ಲಾಸಿನ ಲೀಡರ್ ಶಿವರಾಜ ನೇರ ಕೋರ್ಟಿಗೆ ಬಂದ.

ಆ ಶಿವರಾಜನನ್ನು ಕಂಡರೆ ಫರ್ಹೀನ್‌ಗೆ ಆಗುತ್ತಿರಲಿಲ್ಲ. ಎದುರಾದಾಗಲೆಲ್ಲ “ಜಡ್ಜಮ್ಮ ಬಂದ್ಳು, ದಾರಿ ಬಿಡ್ರಲೇ!” ಎಂದು ಹಲ್ಲು ಕಿಸಿಯುತ್ತಿದ್ದ.

ಬೆಳಿಗ್ಗೆ ಸಂಕರ್ಷಣ ಸರ್ ಮಾನ್ವಿ ಬಸ್ಸಿಳಿಯುತ್ತಲೇ ಫರ್ಹೀನ್ ಅವರ ಬೆನ್ನು ಹತ್ತಿದ್ದಳು.

“ಸರ್, ಈ ಕೇಸ್ ನೀವ ಹೇಳಿಬಿಡ್ರೀ.”

“ನಾ ಹೇಳೂದಾದ್ರ ಆ ಕುರ್ಚಿಯೊಳಗ ನೀ ಯಾಕ ಬೇಕವಾ? ಗೋಡಿ ಮ್ಯಾಲಿನ ಚಾರ್ಟ್ ಓದು. ನೀವೆಲ್ಲಾರೂ ಕೈ ಎತ್ತಿ ಒಪ್ಪಿದ್ದು ಅದು.”

ಚಾರ್ಟಿನಲ್ಲಿ ಸ್ಪಷ್ಟವಾಗಿತ್ತು. ಮೈದಾನ, ನೀರು, ಪ್ರಾರ್ಥನೆ ಇಡೀ ಶಾಲೆಯ ಸಂಸತ್ತಿಗೆ ಸೇರಿದ್ದು. ಕ್ಲಾಸ್ ಕೋಣೆಯ ಒಳಗಿನದು ಆಯಾ ಕ್ಲಾಸಿಗೇ ಸೇರಿದ್ದು. ಓದಿ ಫರ್ಹೀನ್‌ಗೆ ಅಳುವೇ ಬಂತು.

ಈಗ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು.

“ಅವ್ರು ಗದ್ದಲ ಹಾಕಾಕತ್ತಿದ್ರು. ನಾ ಪ್ರಧಾನಿ, ತಗೊಂಡೆ,” ಎಂದಳು ಉಮಾಶ್ರೀ.

“ನಮ್ಮ ಕೋಣಿ, ನಮ್ಮ ಬೋರ್ಡು. ಗದ್ದಲಾದ್ರ ನಮ್ಮ ಕ್ಲಾಸಿಗೆ ಹೇಳಬೇಕಿತ್ತು,” ಎಂದ ಶಿವರಾಜ.

ಗೆಳತಿಯ ಮುಖ ನೋಡಿದರೆ ಬಾಯಿ ಕಟ್ಟಿಹೋಗುತ್ತದೆ ಎಂದು ಫರ್ಹೀನ್‌ಗೆ ಗೊತ್ತಿತ್ತು. ಆದರೂ ಗಟ್ಟಿ ಮನಸ್ಸು ಮಾಡಿ ಅವಳನ್ನು ನೋಡುತ್ತಲೇ ಹೇಳಿದಳು.

“ಗದ್ದಲ ಹಾಕಿದ್ದು ತಪ್ಪು. ಆರನೇ ಕ್ಲಾಸಿನವ್ರು ಇವತ್ತ ಕುಂತು ಅದಕ್ಕೊಂದು ರೂಲ್ ಮಾಡ್ಕೋಬೇಕು. ಆದ್ರ ಅವರ ಕೋಣಿಯೊಳಗಿನ ಬೋರ್ಡು ಒಯ್ಯೂ ಅಧಿಕಾರ ಪ್ರಧಾನಿಗಿಲ್ಲ. ವಾಪಸ್ ಕೊಡಬೇಕು.”

ಉಮಾಶ್ರೀಯ ಕಣ್ಣು ತುಂಬಿತು. ಸರಸರ ಹೋಗಿಬಿಟ್ಟಳು.

“ಥ್ಯಾಂಕ್ಸ್ ಜಡ್ಜಮ್ಮ!” ಶಿವರಾಜ ಕುಣಿಯುತ್ತ ಬಂದ.

“ನಿನ್ನ ಸಲುವಾಗಿ ಹೇಳಿಲ್ಲಲೇ. ಸುಮ್ಕ ಹೋಗು.”

ಎಲ್ಲರೂ ಚದುರಿದರು. ಫರ್ಹೀನ್ ಒಬ್ಬಳೇ ನಿಂತಳು. ಬೀಗದ ಕೈ ಉಮಾಶ್ರೀ ಹತ್ತಿರ ಇತ್ತು. ಅವಳು ಬೀಗ ತೆಗೆಯದಿದ್ದರೆ? ಎಷ್ಟು ಯೋಚಿಸಿದರೂ ಏನು ಮಾಡಬೇಕೆಂದು ಫರ್ಹೀನ್‌ಗೆ ಹೊಳೆಯಲಿಲ್ಲ. ಅವಳ ಹತ್ತಿರ ಕೀಲಿಯೂ ಇಲ್ಲ, ಪ್ರಧಾನಿಗಿದ್ದಂತೆ ಹೇಳಿದ್ದನ್ನು ಮಾಡಿಸಲು ಮಂತ್ರಿಗಳೂ ಇಲ್ಲ. ಹೇಳುವುದಷ್ಟೇ ಅವಳ ಪಾಲಿಗಿತ್ತು.

ಅಷ್ಟರಲ್ಲಿ ವರಾಂಡದಿಂದ ಏನನ್ನೋ ಎಳೆಯುವ ಸದ್ದು ಬಂತು.

ಉಮಾಶ್ರೀ! ಮುಖ ಊದಿಸಿಕೊಂಡು, ಬೆವರುತ್ತ, ಅಷ್ಟು ದೊಡ್ಡ ಬೋರ್ಡನ್ನು ಒಬ್ಬಳೇ ಎಳೆದುಕೊಂಡು ಬರುತ್ತಿದ್ದಳು. ಫರ್ಹೀನ್ ಓಡಿಹೋಗಿ ಇನ್ನೊಂದು ತುದಿ ಹಿಡಿದಳು.

“ಬಿಡು,” ಎಂದಳು ಉಮಾಶ್ರೀ. ದನಿಯಲ್ಲಿ ಇನ್ನೂ ಸಿಟ್ಟಿತ್ತು. “ನೀ ಹೇಳೂದು ಹೇಳಿದಿ. ಒಯ್ದು ಕೊಡೂದು ನನ್ನ ಕೆಲಸ.”

ಫರ್ಹೀನ್ ಕೈಬಿಟ್ಟಳು. ಮರದ ಕೆಳಗೆ ತಾನು ಮಾಡಿದ್ದೇ ಎಲ್ಲಕ್ಕಿಂತ ಕಷ್ಟದ್ದು ಎಂದುಕೊಂಡಿದ್ದಳು. ಈಗ ಹಾಗನ್ನಿಸಲಿಲ್ಲ. ಆರನೇ ಕ್ಲಾಸಿನ ಬಾಗಿಲು ಬರುವವರೆಗೂ ಅವಳು ಉಮಾಶ್ರೀಯ ಪಕ್ಕದಲ್ಲೇ ನಡೆದಳು, ಬೋರ್ಡನ್ನು ಮಾತ್ರ ಮುಟ್ಟಲಿಲ್ಲ.