ಆರಿಸದೆ ಬಿಟ್ಟ ಆಂಪ್ಲಿಫೈಯರ್

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಠಾಣೆಗೆ ಬಂದ ದೂರು ಕೊಲೆಯದ್ದಾಗಿರಲಿಲ್ಲ, ಶಿಳ್ಳೆಯದ್ದಾಗಿತ್ತು. ದೂರು ತಂದವಳು ಸೊಂಟದ ಮೇಲೆ ಕೂಸನ್ನು ಎತ್ತಿಕೊಂಡ ಗೃಹಿಣಿ. ಪಕ್ಕದ ಮನೆಯ ನಿವೃತ್ತ ಕಣ್ಣಿನ ಡಾಕ್ಟರ ಮಹಡಿಯಿಂದ ಬೆಳಿಗ್ಗೆಯಿಂದ ಸಣ್ಣ ಶಿಳ್ಳೆಯೊಂದು ಬಿಡದೆ ಕೇಳಿಬರುತ್ತಿದೆ, ಮಗು ಅತ್ತೂ ಅತ್ತೂ ವಾಂತಿ ಮಾಡಿಕೊಂಡಿದೆ, ಬಾಗಿಲು ಬಡಿದರೆ ಯಾರೂ ತೆಗೆಯುತ್ತಿಲ್ಲ ಎಂದಳು.

ದಫೇದಾರರು ಅವಳ ಜೊತೆ ಹೋದರು. ನಿವೃತ್ತಿ ಹತ್ತಿರವಾದ ಮನುಷ್ಯ. ಗೇಟಿನ ಹತ್ತಿರ ನಿಂತು ಟೋಪಿ ತೆಗೆದು ಕಿವಿಗೊಟ್ಟರು.

"ಎಲ್ಲಮ್ಮಾ ನಿಮ್ಮ ಶಿಳ್ಳೆ?"

"ಕೇಳಿಸ್ತಿಲ್ವಾ? ಕಿವಿಗೆ ಸೂಜಿ ಚುಚ್ಚಿದ ಹಾಗಿದೆಯಲ್ಲ!"

"ನಿದ್ದೆಗೆಟ್ಟಿದ್ದೀರಿ. ಮಗು ಮಲಗಿಸಿ, ನೀವೂ ಮಲಗಿ. ತಾನೇ ನಿಲ್ಲುತ್ತೆ."

ಠಾಣೆಗೆ ಬಂದು ‘ಸ್ಥಳದಲ್ಲಿ ಯಾವುದೇ ಶಬ್ದ ಕಂಡುಬರಲಿಲ್ಲ’ ಎಂದು ಬರೆದು ಸಹಿ ಹಾಕಿದರು.

ಮೂರು ಗಂಟೆಗೆ ಅವಳು ಮತ್ತೆ ಬಂದಳು. ಈಗ ಮಗುವಿನ ಜೊತೆ ಅವಳೂ ಅಳುತ್ತಿದ್ದಳು. ಇನ್ಸ್‌ಪೆಕ್ಟರ್ ಒಳಗಿದ್ದರು. ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವ ಸ್ವಭಾವ ಅವರದು. ಒಮ್ಮೆ ವಿಲೇವಾರಿ ಮಾಡಿದ ದೂರು ಮತ್ತೆ ಬಂತೆಂದರೆ ತಾವೇ ಹೋಗಿ ನೋಡುತ್ತಿದ್ದರು. ಮಹಿಳಾ ಕಾನ್‌ಸ್ಟೆಬಲನ್ನೂ ದಫೇದಾರರನ್ನೂ ಕರೆದುಕೊಂಡು ಹೊರಟರು.

ಗೇಟಿನ ಹತ್ತಿರ ಬರುತ್ತಲೇ ಕಾನ್‌ಸ್ಟೆಬಲ್ ಹಲ್ಲು ಕಚ್ಚಿದಳು. "ಅಯ್ಯೋ, ಇದೇನ್ ಸರ್ ಇದು!"

ಇನ್ಸ್‌ಪೆಕ್ಟರಿಗೂ ಕೇಳಿಸುತ್ತಿತ್ತು. ಅವಳಿಗಿಂತ ಸಣ್ಣಗೆ, ಕೂದಲೆಳೆಯಷ್ಟು.

"ನಿಮ್ಮಿಬ್ಬರಿಗೂ ಬಿಸಿಲು ಹೊಡೆದಿದೆ," ಎಂದರು ದಫೇದಾರರು.

ಬಾಗಿಲು ಎಳೆದುಕೊಂಡರೆ ತಾನೇ ಬೀಳುವ ಬೀಗದ್ದು. ಪಕ್ಕದ ಮನೆಯ ಗೃಹಿಣಿಯನ್ನೂ ಎದುರಿನ ಲಾಂಡ್ರಿಯವನನ್ನೂ ಪಂಚರನ್ನಾಗಿ ನಿಲ್ಲಿಸಿಕೊಂಡು ಬಾಗಿಲು ಒಡೆದರು.

ಮಹಡಿಯ ಕೋಣೆ ಕತ್ತಲಾಗಿತ್ತು. ದೀಪ ಆರಿತ್ತು, ಫ್ಯಾನ್ ಆರಿತ್ತು, ಕಿಟಕಿ ಮುಚ್ಚಿ ದಪ್ಪ ಪರದೆ ಎಳೆದಿತ್ತು. ಗೋಡೆಗೆಲ್ಲ ಶಬ್ದ ಹೀರುವ ಸ್ಪಂಜು. ಆಳೆತ್ತರದ ಎರಡು ಸ್ಪೀಕರ್, ಅವುಗಳಿಗೆ ಎದುರಾಗಿ ಒಂದೇ ಒಂದು ಕುರ್ಚಿ. ಬದಿಯಲ್ಲಿ ಮುಚ್ಚಳ ಕಿತ್ತ ಮರದ ಪೆಟ್ಟಿಗೆ, ನೆಲದ ತುಂಬ ಮರದ ಹೊಟ್ಟು. ತಗ್ಗು ಮೇಜಿನ ಮೇಲೆ ಹೊಚ್ಚ ಹೊಸ ಆಂಪ್ಲಿಫೈಯರ್. ಅದರ ನಾಲ್ಕು ದಪ್ಪ ಗಾಜಿನ ವಾಲ್ವ್‌ಗಳು ಕತ್ತಲಲ್ಲಿ ಕೆಂಡದ ಬಣ್ಣಕ್ಕೆ ಉರಿಯುತ್ತಿದ್ದವು. ಆ ಬೆಳಕಿನಲ್ಲಿ ಮೊದಲು ಕಂಡದ್ದು ಡಾಕ್ಟರ ಚಪ್ಪಲಿ, ಆಮೇಲೆ ಕಾಲು, ಆಮೇಲೆ ಉಳಿದದ್ದು.

ತಲೆ ತಲೆಯ ಆಕಾರದಲ್ಲಿರಲಿಲ್ಲ. ಕೆಳದವಡೆ ಒಂದು ಬದಿಗೆ ಜಾರಿತ್ತು. ಹಲ್ಲುಗಳು ಹೊಟ್ಟಿನ ನಡುವೆ ಬಿದ್ದಿದ್ದವು. ರಕ್ತ ಸ್ಪಂಜಿನ ಗೋಡೆಗೆ ಎದೆಯೆತ್ತರದವರೆಗೆ ಸಿಡಿದು ಅಲ್ಲೇ ಹೀರಿಹೋಗಿತ್ತು. ಬಲಗೈ ಪಕ್ಕದಲ್ಲಿ ಒಡೆದ ಫೋನ್. ಲಾಂಡ್ರಿಯವನು ಮೆಟ್ಟಿಲಲ್ಲೇ ಕುಸಿದು ಕುಳಿತ.

ಇನ್ಸ್‌ಪೆಕ್ಟರ್ ಫೋಟೋ ತೆಗೆಸಿದರು. ಆಮೇಲೆ ಕಾನ್‌ಸ್ಟೆಬಲ್ ಕಡೆ ತಿರುಗಿದರು. "ಇದನ್ನೂ ರೆಕಾರ್ಡ್ ಮಾಡ್ಕೊ."

"ಯಾವುದನ್ನ, ಶಿಳ್ಳೆನಾ?"

"ದೂರು ಬಂದಿದ್ದು ಅದರ ಮೇಲೆ ತಾನೆ?"

ರೆಕಾರ್ಡ್ ಆದ ಮೇಲೆ ಅವಳು ಕೈಗವಸು ತೊಟ್ಟು ಸ್ವಿಚ್ ಒತ್ತಿದಳು. ಶಿಳ್ಳೆ ನಿಂತಿತು. ಆಗ ನೊಣಗಳ ಸದ್ದು ಕೇಳಿಸಿತು.

ಎಫ್‌ಐಆರ್ ದಾಖಲಾಯಿತು. ಪಂಚನಾಮೆಯಲ್ಲಿ ಬರೆದದ್ದು ಇಷ್ಟು: ದೀಪದ ಸ್ವಿಚ್, ಫ್ಯಾನಿನ ಸ್ವಿಚ್, ಕಿಟಕಿಯ ಚಿಲಕ ಎಲ್ಲವನ್ನೂ ಬಟ್ಟೆಯಿಂದ ಒರೆಸಲಾಗಿದೆ. ಪೆಟ್ಟಿಗೆಯ ಮೊಳೆ ಕಿತ್ತಿರುವ ಕಬ್ಬಿಣದ ಸರಳು ಸ್ಥಳದಲ್ಲಿಲ್ಲ. ಗೃಹಿಣಿಯ ಹೇಳಿಕೆ ಚಿಕ್ಕದು. ಬೆಳಿಗ್ಗೆ ವ್ಯಾನಿನಲ್ಲಿ ಬಿಳಿ ತಲೆಯ ಒಬ್ಬರು ಪೆಟ್ಟಿಗೆ ತಂದರು. ಒಳಗೆ ಹಾಡು ಶುರುವಾಯಿತು, ಹಾಡಿನ ಜೊತೆಯಲ್ಲೇ ಶಿಳ್ಳೆಯೂ. ಹಾಡು ನಿಂತಿತು, ಶಿಳ್ಳೆ ನಿಲ್ಲಲಿಲ್ಲ. ಮಾತು, ಕೂಗು ಯಾವುದೂ ಆ ಕೋಣೆಯಿಂದ ಹೊರಗೆ ಬರುವುದೇ ಇಲ್ಲ, ಹಾಡೂ ಮಸುಕಾಗಿ ಮಾತ್ರ. ಶಿಳ್ಳೆಯೊಂದು ಹೇಗೋ ತೂರಿ ಬಂತು.

ಲಾಂಡ್ರಿಯವನು ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಇನ್ನೊಂದು ಮಾತು ಹೇಳಿದ. "ಮಧ್ಯಾಹ್ನ ಡಾಕ್ಟರ ತಮ್ಮ ಓಡಿಹೋಗಿದ್ದು ನೋಡ್ದೆ. ಅಂಗಿ ಎಲ್ಲ ಕೆಂಪಾಗಿತ್ತು. ಬಣ್ಣ ಏನೋ ಅಂದ್ಕೊಂಡೆ ಸರ್."

ದಫೇದಾರರ ಮುಖ ಅರಳಿತು. ತಮ್ಮನನ್ನು ಅವರು ಬಲ್ಲರು. ಬಸ್ ಚಾಲಕ, ಮುಂಗೋಪಿ. ಆ ಕೋಣೆ ಮೊದಲು ಅವರಿಬ್ಬರ ತಾಯಿಯದು. ತಾಯಿ ತೀರಿಕೊಂಡ ತಿಂಗಳೊಳಗೆ ಡಾಕ್ಟರು ಅವಳ ಮಂಚವನ್ನು ತಾರಸಿಗೆ ಎಸೆದು, ಕೋಣೆಯನ್ನು ಸಂಗೀತ ಕೇಳಲು ಮಾಡಿಕೊಂಡಿದ್ದರು. ಅಂದು ಈ ತಮ್ಮನೇ ಬಾಗಿಲ ಅಗುಳಿಯಿಂದ ಬಾರಿಸಿ ಅಣ್ಣನ ಮುಂಗೈ ಮುರಿದಿದ್ದ.

ಸಂಜೆ ಅವನು ಬಸ್ ಡಿಪೋದ ಹಿಂದೆ, ಹಳೆಯ ಟೈರುಗಳ ರಾಶಿಯಲ್ಲಿ ಸಿಕ್ಕ. ತಂದ ಕೂಡಲೇ ಕಾನ್‌ಸ್ಟೆಬಲ್ ನಿಯಮದಂತೆ ನಾಲ್ಕೂ ಬದಿಯಿಂದ ಫೋಟೋ ತೆಗೆದಳು. ಇನ್ಸ್‌ಪೆಕ್ಟರ್ ಶವಪರೀಕ್ಷೆಗೆ ಹೋಗಿದ್ದರು.

"ಸತ್ತ ಮೇಲೂ ಹೊಡೆದಿದ್ದಾನೆ," ಎಂದರು ಆಸ್ಪತ್ರೆಯ ವೈದ್ಯೆ. "ಬಹಳ ಹೊತ್ತು. ಪೆಟ್ಟು ಬಿದ್ದಿರೋದೆಲ್ಲ ತಲೆಯ ಎರಡು ಪಕ್ಕಕ್ಕೆ. ಕಿವಿ ಅನ್ನೋದು ಉಳಿದೇ ಇಲ್ಲ."

ಇನ್ಸ್‌ಪೆಕ್ಟರ್ ಠಾಣೆಗೆ ಹಿಂತಿರುಗಿದಾಗ ದಫೇದಾರರು ತೋಳು ಮಡಚಿದ ಅಂಗಿಯಲ್ಲಿ, ಬೆವರು ಒರೆಸಿಕೊಳ್ಳುತ್ತ ಎದುರಾದರು. "ಒಪ್ಕೊಂಡ ಸರ್. ಸಹಿನೂ ಹಾಕಿದ."

"ಹೊಡೆದ್ರಾ?"

"ಕೇಳ್ದೆ ಸರ್. ಸ್ವಲ್ಪ ಗಟ್ಟಿಯಾಗಿ ಕೇಳ್ದೆ."

ಡಾಕ್ಟರ ತಮ್ಮ ಲಾಕಪ್ಪಿನಲ್ಲಿ ಗೋಡೆಗೊರಗಿ ಕುಳಿತಿದ್ದ. ತುಟಿ ಸೀಳಿತ್ತು. ಎಡಗಿವಿ ಊದಿ, ಅದರಿಂದ ತೆಳ್ಳಗೆ ರಕ್ತ ಕುತ್ತಿಗೆಗೆ ಇಳಿದಿತ್ತು. ನಾಳೆ ಮಧ್ಯಾಹ್ನ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆಮೇಲೆ ಕೇಸು ಹಳಿ ಏರಿದ ಗಾಡಿ. ಯಾರೂ ಇಳಿದು ಹಿಂದೆ ನೋಡುವುದಿಲ್ಲ. ಹಳೆಯ ಹಗೆ, ರಕ್ತದ ಅಂಗಿ, ಸಹಿ, ಎಲ್ಲವೂ ಇತ್ತು. ಆದರೂ ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಕಾನ್‌ಸ್ಟೆಬಲ್ ತೆಗೆದಿದ್ದ ಅವನ ನಾಲ್ಕು ಫೋಟೋಗಳನ್ನು ಹರಡಿಕೊಂಡು ಕುಳಿತರು. ಎಡಬದಿಯ ಚಿತ್ರ, ಬಲಬದಿಯ ಚಿತ್ರ. ಎರಡರಲ್ಲೂ, ದಫೇದಾರರ ಏಟು ಬೀಳುವ ಮುಂಚೆಯೇ, ಕಿವಿಯ ಮೇಲೆ ರಕ್ತವಿತ್ತು. ಒಣಗಿದ, ಅಂಗೈ ಅಗಲದ ಗುರುತು. ಕೂದಲೊಳಗೆ ಬೆರಳಿನ ಗೆರೆಗಳು.

ಎದ್ದು ಲಾಕಪ್ಪಿಗೆ ಹೋದರು. ನೀರು ಕೊಡಿಸಿದರು.

"ಅಣ್ಣನ ಮನೆಗೆ ಯಾಕೆ ಹೋದೆ?"

"ಅಮ್ಮನ ಮಂಚ ತರೋಕೆ. ನನ್ನ ಹತ್ರ ಹಳೇ ಕೀ ಇದೆ."

"ಆಮೇಲೆ?"

"ಕತ್ತಲಲ್ಲಿ ಕೆಳಗೆ ಬಿದ್ದಿದ್ದ. ಎತ್ತಿ ಕೂರಿಸೋಣ ಅಂತ ತಲೆಗೆ ಕೈ ಹಾಕ್ದೆ." ಅವನು ತನ್ನ ಅಂಗೈ ನೋಡಿಕೊಂಡ. "ಮೆತ್ತಗಿತ್ತು ಸರ್."

"ಆಗ?"

"ಆ ಶಿಳ್ಳೆ! ತಲೆಯೊಳಗೆ ಡ್ರಿಲ್ ಇಳಿಸಿದ ಹಾಗೆ. ಕಿವಿ ಮುಚ್ಕೊಂಡು ಓಡ್ದೆ."

"ಪೊಲೀಸಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು? ಇದೇ ತಾನೆ?" ಎಂದು ಅವನು ತುಟಿ ಮುಟ್ಟಿ ತೋರಿಸಿದ.

ಇನ್ಸ್‌ಪೆಕ್ಟರ್ ಕುರ್ಚಿಗೆ ಬಂದು ಕಾನ್‌ಸ್ಟೆಬಲನ್ನು ಕರೆದರು. "ಕೊಂದವನು ಅವಸರ ಮಾಡಿಲ್ಲ. ಒರೆಸಿದ್ದಾನೆ, ದೀಪ ಆರಿಸಿದ್ದಾನೆ, ಪರದೆ ಎಳೆದಿದ್ದಾನೆ. ಯಾರೂ ಆ ಕಡೆ ತಿರುಗಬಾರದು ಅಂತ ತಾನೆ ಇದೆಲ್ಲ? ಅಂಥವನು ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆಯೋ ಶಿಳ್ಳೆ ಹಾಗೇ ಬಿಟ್ಟು ಹೋಗ್ತಾನಾ?"

ಅವಳು ಜೇಬಿನಿಂದ ಫೋನ್ ತೆಗೆದಳು. ದಫೇದಾರರು ಆಚೆ ಮೇಜಿನಲ್ಲಿ ಬಗ್ಗಿ ಬರೆಯುತ್ತಿದ್ದರು. ಅವರ ಬೆನ್ನ ಹಿಂದೆ ನಿಂತು ರೆಕಾರ್ಡ್ ಹಾಕಿದಳು. ಹೊರಗಿನ ಬೆಂಚಿನಲ್ಲಿದ್ದ ಇಬ್ಬರು ಬೆಚ್ಚಿ ತಿರುಗಿದರು. ದಫೇದಾರರ ಪೆನ್ನು ನಿಲ್ಲಲಿಲ್ಲ. ಪುಟದ ಕೊನೆಗೆ ಬಂದು ತಲೆಯೆತ್ತಿದಾಗ ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ಏನು? ಮುಖಕ್ಕೆ ಮಸಿ ಹತ್ತಿದೆಯಾ?"

ಡಾಕ್ಟರು ಕೊನೆಯ ಸಲ ಫೋನ್ ಮಾಡಿದ್ದು ಅವರ ಸಂಗೀತದ ಬಳಗದ ಗೆಳೆಯರೊಬ್ಬರಿಗೆ. ‘ಸಂಜೆ ಬಾ, ಒಂದು ತಮಾಷೆ ಹೇಳ್ಬೇಕು’ ಎಂದು ನಕ್ಕರು, ಅಷ್ಟರಲ್ಲಿ ಫೋನ್ ಕಟ್ಟಾಯಿತು ಎಂದು ಆ ಗೆಳೆಯರು ತಿಳಿಸಿದರು. ಆಂಪ್ಲಿಫೈಯರ್ ಕಟ್ಟಿದವರ ವಿಳಾಸ ಕೊಟ್ಟದ್ದೂ ಅವರೇ. ಅದನ್ನು ಕಟ್ಟಿದವರನ್ನು ಬಳಗದಲ್ಲಿ ಎಲ್ಲರೂ ವಾಲ್ವ್ ಮೇಷ್ಟ್ರು ಎನ್ನುತ್ತಾರೆ. ಒಬ್ಬೊಬ್ಬರ ಕೋಣೆಗೂ ಕಿವಿಗೂ ಹೊಂದುವಂತೆ ಒಂದೊಂದನ್ನೇ ಕೈಯಲ್ಲಿ ಕಟ್ಟುವವರು. ಡಾಕ್ಟರು ಒಂದೂವರೆ ವರ್ಷದಿಂದ ಕಾಯುತ್ತಿದ್ದರು.

ಬುಧವಾರ ಬೆಳಿಗ್ಗೆ ಮೂವರೂ ಮೇಷ್ಟ್ರ ಕಾರ್ಯಾಗಾರಕ್ಕೆ ಹೋದರು. ಮನೆಯ ಮುಂದಿನ ಕೋಣೆಯೇ ಕಾರ್ಯಾಗಾರ. ತಾಮ್ರದ ತಂತಿಯ ಸುರುಳಿಗಳು, ಬೆಸುಗೆಯ ಹೊಗೆ, ಗೋಡೆಯಲ್ಲಿ ಅಳತೆಯ ಪ್ರಕಾರ ತೂಗುಹಾಕಿದ ಸುತ್ತಿಗೆ, ಇಕ್ಕಳ. ಮೇಷ್ಟ್ರು ಬಲಗೈಯಲ್ಲಿ ಬೆಸುಗೆ ಹಾಕುತ್ತಿದ್ದರು. ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು.

"ಒಂದು ಕೈಗೆ ರಜಾನಾ ಸರ್?" ಎಂದಳು ಕಾನ್‌ಸ್ಟೆಬಲ್.

"ಇಲ್ಲಿ ಹರಿಯೋ ಕರೆಂಟ್ ಮನೆ ಕರೆಂಟಲ್ಲಮ್ಮ. ಎರಡೂ ಕೈ ಇಟ್ರೆ ಎದೆ ಮೂಲಕ ಹಾದುಹೋಗುತ್ತೆ. ಹಾಗಾಗಿ ಇದು ಜೇಬಲ್ಲೇ ಇರುತ್ತೆ."

ಇನ್ಸ್‌ಪೆಕ್ಟರ್ ಸ್ಟೂಲಿನ ಮೇಲೆ ಕುಳಿತರು. "ನಿನ್ನೆ ಡಾಕ್ಟರಿಗೆ ಹಾಕಿ ತೋರಿಸಿದ್ರಾ?"

"ತೋರಿಸ್ದೆ. ಒಂದು ಹಾಡು ಪೂರ್ತಿ ಕೇಳಿದ್ರು. ಖುಷಿಪಟ್ರು. ನಾನು ಹೊರಟೆ."

"ಏನಾದ್ರೂ ದೋಷ? ಗುಯ್ ಅನ್ನೋದು, ಶಿಳ್ಳೆ?"

"ನನ್ನ ಕೆಲಸದಲ್ಲಾ?" ಮೇಷ್ಟ್ರು ನಕ್ಕರು. "ನಿಂತ ನೀರಿನ ಹಾಗಿತ್ತು."

ಕಾನ್‌ಸ್ಟೆಬಲ್ ಫೋನನ್ನು ಮೇಜಿನ ಮೇಲೆ, ಅವರ ಕೈಗೆ ಗೇಣು ದೂರದಲ್ಲಿ ಇಟ್ಟು ರೆಕಾರ್ಡ್ ಹಾಕಿದಳು. ಇನ್ಸ್‌ಪೆಕ್ಟರ್ ದವಡೆ ಬಿಗಿಹಿಡಿದರು. ಮೇಷ್ಟ್ರು ಬೆಸುಗೆಯ ಕಡ್ಡಿಯನ್ನು ತಂತಿಗೆ ಮುಟ್ಟಿಸುತ್ತ ಮಾತು ಮುಂದುವರಿಸಿದರು. ಡಾಕ್ಟರು ಒಳ್ಳೆಯ ಕಿವಿಯ ಮನುಷ್ಯ, ಅಂಥವರಿಗೆ ಕೆಲಸ ಮಾಡಿಕೊಡುವುದೇ ಒಂದು ಸಂತೋಷ, ತಮ್ಮನೇ ಹೀಗೆ ಮಾಡಿದ ಅಂತ ಕೇಳಿ...

ಒಳಗಿನಿಂದ ಅವರ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ಓಡಿಬಂದರು. "ರೀ! ಏನ್ರೀ ಅದು? ಆರಿಸ್ರೀ ಮೊದ್ಲು, ತಲೆ ಸಿಡಿಯುತ್ತೆ!"

ಮೇಷ್ಟ್ರು ಅವರನ್ನು ನೋಡಿದರು. ಕಿವಿಯ ಮೇಲಿದ್ದ ಅವರ ಕೈಗಳನ್ನು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಫೋನನ್ನು. ಅದನ್ನು ಎತ್ತಿ ಬಲಗಿವಿಗೆ ಹಿಡಿದರು, ಎಡಗಿವಿಗೆ ಹಿಡಿದರು. ಮೆಲ್ಲಗೆ ಕೆಳಗಿಟ್ಟರು. ಎಡಗೈ ಜೇಬಿನಿಂದ ಹೊರಬಂತು. ಅಂಗೈಯ ಚರ್ಮ ಸುಲಿದು ಬಟ್ಟೆ ಸುತ್ತಿತ್ತು. ಎರಡೂ ಕೈಯಿಂದ ಗೋಡೆಯ ಸುತ್ತಿಗೆ ಕಿತ್ತು ಫೋನಿನ ಮೇಲೆ ಬೀಸಿದರು.

ಮೊದಲ ಏಟಿಗೇ ಫೋನ್ ಚೂರಾಯಿತು. ಶಿಳ್ಳೆ ನಿಂತಿತು. ಅವರು ನಿಲ್ಲಲಿಲ್ಲ. ಇನ್ನೊಂದು, ಮತ್ತೊಂದು. ಗಾಜು ಹಾರಿ ಕಾನ್‌ಸ್ಟೆಬಲಿನ ಹುಬ್ಬು ಸೀಳಿತು. ತಡೆಯಲು ನುಗ್ಗಿದ ದಫೇದಾರರ ಮುಂಗೈಗೆ ಸುತ್ತಿಗೆ ತಗುಲಿ ಎಲುಬು ಮುರಿದ ಸದ್ದಾಯಿತು. ಅವರು ಕಿರುಚಿ ಬಿದ್ದರು. ಸುತ್ತಿಗೆ ಮತ್ತೆ ಫೋನಿಗೇ ಹೋಯಿತು. ಹಲಗೆ ಸೀಳುತ್ತಿತ್ತು. ಮೇಷ್ಟ್ರು ಪ್ರತಿ ಏಟಿನ ನಡುವೆ ಹೆಂಡತಿಯ ಮುಖ ನೋಡುತ್ತಿದ್ದರು.

"ನಿಂತ್‌ಹೋಯ್ತು ರೀ," ಎಂದು ಆಕೆ ಅಳತೊಡಗಿದರು. ಕೈಗಳನ್ನು ಕಿವಿಯಿಂದ ಇಳಿಸಿ ತೋರಿಸಿದರು. "ನೋಡಿ, ನಿಂತ್‌ಹೋಯ್ತು. ಇನ್ನು ಸಾಕು ಬಿಡಿ."

ಆಗ ಸುತ್ತಿಗೆ ಕೆಳಗೆ ಬಿತ್ತು. ಇನ್ಸ್‌ಪೆಕ್ಟರ್ ಕೋಳ ಹಾಕಿದರು. ಆ ಕೈಗಳು ತಣ್ಣಗಿದ್ದವು.

ವ್ಯಾನಿನ ಹಿಂಬದಿಯ ಚೀಲದಲ್ಲಿ ಕಬ್ಬಿಣದ ಸರಳು ಸಿಕ್ಕಿತು. ತೊಳೆದಿದ್ದರು, ಮೊಳೆ ಕೀಳುವ ಸೀಳಿನಲ್ಲಿ ಮಾತ್ರ ಕೂದಲು, ಚರ್ಮ ಉಳಿದಿತ್ತು. ಪಂಚರ ಸಮಕ್ಷಮ ವಶಪಡಿಸಿಕೊಳ್ಳಲಾಯಿತು. ಹೆಂಡತಿ ಬಾಗಿಲಲ್ಲಿ ನಿಂತು, ಯಾರೂ ಕೇಳದಿದ್ದರೂ ಹೇಳಿದರು. "ಮೊದಲೆಲ್ಲ ಒಂದು ಸೊಳ್ಳೆ ಗುಯ್ ಅಂದ್ರೆ ಎದ್ದು ಕೂರ್ತಿದ್ರು. ಈಚೆಗೆ ಸುಮ್ನೆ ಮಲಗ್ತಿದ್ರು. ವಯಸ್ಸಾಯ್ತು, ತಾಳ್ಮೆ ಬಂತು ಅಂದ್ಕೊಂಡಿದ್ದೆ."

ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಮುಂದೆ ತಮ್ಮನ ಹೆಸರಿನಲ್ಲಿ ಬಿಡುಗಡೆಯ ವರದಿ ಹೋಯಿತು. ಆಸ್ಪತ್ರೆಯಲ್ಲಿ ಅವನ ಎಡಗಿವಿಯ ತಮಟೆ ಹರಿದಿದೆ ಎಂದು ಬರೆದುಕೊಟ್ಟಿದ್ದರು. ಇನ್ಸ್‌ಪೆಕ್ಟರ್ ದಫೇದಾರರ ಮೇಲೆ ಒಂದು ವರದಿ ಬರೆದರು. ಆರೋಪಿಯನ್ನು ಅವರ ಕೈಗೆ ಬಿಟ್ಟುಹೋದ ಅಧಿಕಾರಿ ತಾನೇ ಎಂದು ಅದೇ ಹಾಳೆಯಲ್ಲಿ ಕೆಳಗೆ ಸೇರಿಸಿದರು. ಡಾಕ್ಟರ ತಮ್ಮ ಠಾಣೆಯ ಮೆಟ್ಟಿಲಿಳಿಯುವಾಗ ತಿರುಗಿ ನಿಂತ.

"ಆ ಮಿಷಿನ್ ಆರಿಸಿದ್ದೀರಿ ತಾನೆ ಸರ್?"

"ಆರಿಸಿದ್ದೀವಿ."

"ಈ ಕಿವಿಲಿ ಇನ್ನೂ ನಿಂತಿಲ್ಲ," ಎಂದು ಹೇಳಿ ಅವನು ಹೋದ.

ಸಂಜೆ ಮೇಷ್ಟ್ರ ಹೇಳಿಕೆ ತೆಗೆದುಕೊಂಡರು. ಏನನ್ನೂ ಮುಚ್ಚಿಡಲಿಲ್ಲ.

"ನಮ್ಮನೇಲಿ ಸುಮ್ನಿತ್ತು, ಅವರ ಸ್ಪೀಕರಿಗೆ ಕೊಟ್ಟಾಗ ಕೂಗಿರ್ಬೇಕು. ‘ನಿಮಗೆ ಕೇಳಿಸ್ತಿಲ್ವಾ ಮೇಷ್ಟ್ರೇ’ ಅಂದ್ರು. ಇಲ್ಲ ಅಂದೆ. ಹತ್ತಿರ ಬಂದು ನನ್ನ ಕಿವಿ ಪಕ್ಕ ಚಪ್ಪಾಳೆ ತಟ್ಟಿದ್ರು. ಮಕ್ಕಳಿಗೆ ತಟ್ತಾರಲ್ಲ, ಹಾಗೆ. ನಕ್ಕರು. ಬಳಗಕ್ಕೆಲ್ಲ ಹೇಳ್ಬೇಕು ಅಂತ ಫೋನ್ ತಗೊಂಡ್ರು. ಹೇಳ್ಬೇಡಿ ಅಂದೆ ಸರ್. ಸರಿಮಾಡಿ ಕೊಡ್ತೀನಿ, ಹೇಳ್ಬೇಡಿ ಅಂತ ಕೈ ಮುಗಿದೆ. ಸರಳು ಪೆಟ್ಟಿಗೆ ಮೇಲೇ ಇತ್ತು."

"ದೀಪ ಆರಿಸಿದ್ರಿ, ಫ್ಯಾನ್ ಆರಿಸಿದ್ರಿ. ಅದನ್ನ ಯಾಕೆ ಬಿಟ್ರಿ?"

ಮೇಷ್ಟ್ರು, ತಿಳಿಯದವರಿಗೆ ಹೇಳುವ ಹಾಗೆ ಹೇಳಿದರು. "ಹೊಸದನ್ನ ಮೊದಲ ದಿನ ಆರಿಸಬಾರದು. ವಾಲ್ವ್ ಹದಕ್ಕೆ ಬರ್ಬೇಕು. ಇಷ್ಟು ವರ್ಷದಲ್ಲಿ ನಾನು ಯಾರ ಮನೇಲೂ ಆರಿಸಿ ಬಂದಿಲ್ಲ."

ಇನ್ಸ್‌ಪೆಕ್ಟರ್ ಬರೆದುಕೊಂಡರು. ಸಹಿಗೆ ಹಾಳೆ ತಿರುಗಿಸಿಟ್ಟಾಗ ಮೇಷ್ಟ್ರು ಪೆನ್ನು ಹಿಡಿದು ತಡೆದರು.

"ಆ ಶಿಳ್ಳೆ ಒಂದು ಬಿಟ್ರೆ... ಹಾಡು ಚೆನ್ನಾಗಿ ಬರ್ತಿತ್ತಾ ಸರ್?"

"ನಾವು ಹೋದಾಗ ಹಾಡು ಇರಲಿಲ್ಲ."

ಮೇಷ್ಟ್ರು ತಲೆದೂಗಿ ಸಹಿ ಹಾಕಿದರು. ಈ ಪ್ರಶ್ನೆಯನ್ನು ಹೇಳಿಕೆಯಲ್ಲಿ ಸೇರಿಸಬೇಕೋ ಬೇಡವೋ ಎಂದು ಇನ್ಸ್‌ಪೆಕ್ಟರಿಗೆ ತಿಳಿಯಲಿಲ್ಲ. ಕೊನೆಗೆ ಸಹಿಯ ಮೇಲೆ ಉಳಿದಿದ್ದ ಜಾಗದಲ್ಲಿ ಅದನ್ನೂ ಬರೆದರು.