ಗೌಡಶ್ಯಾನಿ ಹೊಲಿದ ಮೂಲೆ

ಊರ ಗೌಡ ಮಾಲಿಪಾಟೀಲ ಬಸವಂತ್ರಾಯನ ಹೆಂಡತಿ ಮರಿಲಿಂಗಮ್ಮನಿಗೆ ಹೊಟ್ಟೆಕಿಚ್ಚು ಹತ್ತಿದ್ದು ದುಡ್ಡಿನ ಸಲುವಾಗಿ ಅಲ್ಲ. ರಾಮಸಮುದ್ರದಲ್ಲಿ ಅವಳಷ್ಟು ಬಂಗಾರ ಇದ್ದವರು ಇನ್ನೊಬ್ಬರಿರಲಿಲ್ಲ. ಕಿಚ್ಚು ಹತ್ತಿದ್ದು ತನ್ನ ಮನೆಯ ಕಟ್ಟೆ ಖಾಲಿಯಾದದ್ದಕ್ಕೆ. ಮೊದಲೆಲ್ಲ ಊರ ಹೆಂಗಸರು ಕಾಳು ಹಸನು ಮಾಡಲು, ಬೀಸಲು, ಏನೂ ಇಲ್ಲದಿದ್ದರೆ 'ಏನರೆ ಕೆಲಸ ಅದ ಏನ್ರಿ ಅವ್ವಾರ' ಎಂದು ಕೇಳಲು ಅಲ್ಲಿ ಬಂದು ಕೂರುತ್ತಿದ್ದರು. ಈಗ ಅವರೆಲ್ಲ ಸುಗಲಮ್ಮನ ಅಂಗಳದಲ್ಲಿ.

ಗಂಡ ಸತ್ತ ಮೇಲೆ ಕೂಲಿ ಮಾಡಿಕೊಂಡಿದ್ದ ಈ ಸುಗಲಮ್ಮ, ಹಳೆ ಸೀರೆ ಕೂಡಿಸಿ, ಹೆಂಗಸರನ್ನು ಕಲೆಹಾಕಿ ಹೊದೆಯುವ ಕೌದಿ ಹೊಲಿಸಲು ಶುರು ಮಾಡಿದ್ದಳು. ಯಾದಗಿರಿಯ ರೈಲ್ವೆ ನೌಕರರ ಮನೆಗಳಲ್ಲಿ ಅವು ಒಯ್ದಷ್ಟೂ ಖರ್ಚಾಗುತ್ತಿದ್ದವು. ಬಂದದ್ದನ್ನು ಹೊಲಿದವರೆಲ್ಲ ಹಂಚಿಕೊಳ್ಳುತ್ತಿದ್ದರು. ಒಂದು ದಿನ ಅವರಲ್ಲೊಬ್ಬಳಾದ ಸಾಯಬಮ್ಮ ಹೊಸ ಬಳೆ ತೊಟ್ಟು ಕಟ್ಟೆಯ ಮುಂದೆಯೇ ಹಾದುಹೋಗುತ್ತ, 'ಇವತ್ತ ಬರಾಕ ಆಗಂಗಿಲ್ರಿ ಅವ್ವಾರ, ಸುಗಲಕ್ಕನ ಮನ್ಯಾಗ ಕೆಲಸ ಅದ' ಎಂದಳು. ಅಕ್ಕನಂತೆ, ಅಕ್ಕ! ಮೊನ್ನೆಯ ತನಕ ತನ್ನ ಮನೆಯ ಕಸ ಹೊಡೆದವಳು ಇವತ್ತು ಊರಿಗೆಲ್ಲ ಅಕ್ಕ. ಮರಿಲಿಂಗಮ್ಮನಿಗೆ ಆ ಹೊತ್ತು ಊಟ ಸೇರಲಿಲ್ಲ.

ಬೈದರೆ ಜನ ಸುಗಲಮ್ಮನ ಕಡೆಗೇ ಆಗುತ್ತಾರೆ. ಗಂಡನಿಗೆ ಹೇಳಿ ನಿಲ್ಲಿಸಿದರೆ ಗೌಡಶ್ಯಾನಿಗೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಕಳ್ಳಿ ಎನಿಸಿಕೊಂಡವಳ ಅಂಗಳಕ್ಕಾದರೆ ಯಾರೂ ಕಾಲಿಡುವುದಿಲ್ಲ.

ತನ್ನ ಹಳೆ ಸೀರೆಗಳನ್ನು ದಾನ ಕೊಟ್ಟು ತಾನೇ ಹೊಲಿಯಲು ಹೋದಳು. 'ನಿಮ್ಮಂಥಾರು ನಮ್ಮ ಕೂಡ ಕುಂದರ್ತೀರಂದ್ರ ನಮ್ಮ ಪುಣ್ಯರಿ' ಎಂದು ಸುಗಲಮ್ಮ ಕಂಬಳಿ ಹಾಸಿದಳು. ಆ ಕಂಬಳಿಯ ಮೇಲೆ ಕೂತೇ ಮರಿಲಿಂಗಮ್ಮ ಅವಳ ಹೊಲಿಗೆ ಕದ್ದು ಕಲಿತಳು. ಗಿಡ್ಡ ಹೊಲಿಗೆ, ತುಸು ಎಡಕ್ಕೆ ವಾಲಿದ್ದು. ಕೌದಿ ಹೊಲಿಯುವುದು ತವರಿನಿಂದಲೇ ಬಂದ ವಿದ್ಯೆ, ಕಷ್ಟವಾಗಲಿಲ್ಲ.

ಒಂದು ಮಧ್ಯಾಹ್ನ ಹೆಂಗಸರೆಲ್ಲ ಸೀರೆ ಒಗೆಯಲು ಹಳ್ಳಕ್ಕೆ ಹೊರಟರು. ಮೊಣಕಾಲು ನೋವೆಂದು ಮರಿಲಿಂಗಮ್ಮ ಒಬ್ಬಳೇ ಉಳಿದಳು. ಸುಗಲಮ್ಮ ಹೊಲಿದು ಮುಗಿಸಿದ ಕೌದಿಯ ಮೂಲೆ ಬಿಚ್ಚಿ, ತನ್ನ ಕಿವಿಯ ಬುಗುಡಿಯನ್ನು ಒಳಗಿಟ್ಟಳು. ಕೈಯಾಡಿಸಿದವರ ಬೆರಳಿಗೆ ಸಿಗಲೆಂದು ಒಂದೇ ಪದರದ ಕೆಳಗಿಟ್ಟಳು. ಅದೇ ದಾರ, ಅದೇ ಸೂಜಿ, ಅದೇ ಎಡಕ್ಕೆ ವಾಲಿದ ಹೊಲಿಗೆ. ಅವಸರ ಮಾಡಲಿಲ್ಲ. ಮುಗಿಸಿ ನೋಡಿದರೆ ಬಿಚ್ಚಿದ ಜಾಗ ಅವಳಿಗೇ ಗುರುತು ಹತ್ತಲಿಲ್ಲ.

ಬುಗುಡಿ ಕಳುವಾಯಿತೆಂದು ಗೌಡರ ಮನೆಯಿಂದ ದೂರು ಹೋಗಿ, ಮರುದಿನ ಯಾದಗಿರಿಯಿಂದ ಪೊಲೀಸ್ ಅಮೀನ ಜಮಾಲಸಾಬ ಬಂದ. 'ಯಾರ ಮ್ಯಾಲೂ ಸಂಶೇ ಇಲ್ರಿ, ಮೊದಲ ನಮ್ಮ ಮನೀನೇ ಹುಡುಕ್ರಿ' ಎಂದಳು ಮರಿಲಿಂಗಮ್ಮ. ತನ್ನ ದೊಡ್ಡತನಕ್ಕೆ ಅವಳಿಗೇ ಕಣ್ಣು ತುಂಬಿತು. ಆಮೇಲೆ ಸೆರಗಿನಿಂದ ಕಣ್ಣೊರೆಸುತ್ತ, 'ಸೀರಿ ಒಯ್ಯಾಕ ಸುಗಲಮ್ಮ ಒಬ್ಬಾಕಿ ಒಳಗ ಬಂದಿದ್ಲು. ಆಕಿ ಅಂಥಾಕಿ ಅಲ್ರಿ' ಎಂದಳು.

ಸುಗಲಮ್ಮನ ಅಂಗಳದಲ್ಲಿ ಅಮೀನ ಒಂದೊಂದೇ ಕೌದಿ ಹಿಚುಕಿ ನೋಡುತ್ತ ಒಂದರ ಮೂಲೆಗೆ ಬಂದು ನಿಂತ. 'ಇದು ಯಾರದು?'

'ನಂದರಿ. ಹೊಲಿಗೀನೂ ನಂದೇ ಅದರಿ' ಎಂದಳು ಸುಗಲಮ್ಮ.

ಅವಳ ಬಾಯಿಂದಲೇ ಬಂತು! ಮರಿಲಿಂಗಮ್ಮನ ಹೊಟ್ಟೆ ತಣ್ಣಗಾಯಿತು. ಸಾಯಬಮ್ಮ ಆಗಲೇ ಸುಗಲಮ್ಮನಿಂದ ಒಂದು ಹೆಜ್ಜೆ ದೂರ ಸರಿದಿದ್ದಳು.

ಅಮೀನ ಚಾಕುವಿನಿಂದ ಮೂಲೆ ಬಿಚ್ಚಿದ. ಬುಗುಡಿ ಬಿತ್ತು. ಅದರ ಹಿಂದೆಯೇ ಒಣಗಿದ ಚೂರೊಂದು ಬಿತ್ತು. ಕೌದಿ ಹಸಿದಿರಬಾರದೆಂದು, ಮೂಲೆ ಮುಚ್ಚುವ ಮುನ್ನ ಉಣ್ಣುವ ರೊಟ್ಟಿಯದೊಂದು ಚೂರು ಒಳಗಿಡುವುದು ಈ ಹೆಂಗಸರ ರೂಢಿ. ಸುಗಲಮ್ಮನ ಮನೆಯಲ್ಲಿ ಉಣ್ಣಲು ಮನಸ್ಸಿಲ್ಲದೆ ಮರಿಲಿಂಗಮ್ಮ ಹಿಂದಿನ ದಿನ ಮನೆಯಿಂದ ಬುತ್ತಿ ತಂದಿದ್ದಳು. ಸಣ್ಣಂದಿನಿಂದ ರೂಢಿಯಾದ ಕೈ ಅದರಿಂದಲೇ ಮುರಿದು ಇಟ್ಟಿತ್ತು, ಇಟ್ಟದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಸುಗಲಮ್ಮ ಬಗ್ಗಿ ಚೂರನ್ನು ಎತ್ತಿಕೊಂಡಳು. ಯುದ್ಧದ ಲೆವಿಯೆಂದು ನಿಜಾಮರ ಸರ್ಕಾರ ಮನೆಮನೆಯ ಕಾಳು ಕಡ್ಡಾಯವಾಗಿ ಎತ್ತಿದಾಗಿನಿಂದ ಆ ಅಂಗಳದಲ್ಲಿ ಜೋಳ ಬಿಟ್ಟು ಬೇರೆ ಹಿಟ್ಟು ಕಂಡವರಿರಲಿಲ್ಲ. 'ಇದು ಗೋಧಿ ಚಪಾತಿ ಅದಲ್ರಿ, ಸಾಹೇಬ್ರ' ಎಂದಳು. ಮುಂಜಾನೆ ಮಾಲಿಪಾಟೀಲರ ಮನೆಯಲ್ಲಿ ಅದನ್ನೇ ಉಂಡು ಬಂದಿದ್ದ ಜಮಾಲಸಾಬ ಮೊದಲು ಚೂರನ್ನು ನೋಡಿದ, ಆಮೇಲೆ ಗೌಡಶ್ಯಾನಿಯನ್ನು ನೋಡಿದ.