ಕೊಳೆ ಇಲ್ಲದ ರಾಜ್ಯ

ಬಹಳ ಹಿಂದೆ, ಶುಭ್ರಸೇನನು ಸಿರಿವಾಳ ರಾಜ್ಯವನ್ನು ಆಳುತ್ತಿದ್ದ ಒಂಬತ್ತನೆಯ ವರ್ಷದಲ್ಲಿ ಇದು ಶುರುವಾಯಿತು. ಅರಸನಿಗೆ ಚೊಕ್ಕಟದ ಹುಚ್ಚು. ಧೂಮಕನೆಂಬ ಮಾಂತ್ರಿಕನನ್ನು ಕರೆಸಿ, ತನ್ನ ನೆಲದಲ್ಲಿ ಕೊಳೆ ಇರಕೂಡದೆಂದು ಅಪ್ಪಣೆ ಮಾಡಿದ. ಅರಸನ ಮನಸ್ಸಿನಲ್ಲಿದ್ದದ್ದು ಬೀದಿಯ ಕಸ. ಮಾಂತ್ರಿಕ ಕೊಳೆಯುವುದನ್ನೇ ನಿಲ್ಲಿಸಿದ. ಸತ್ತದ್ದನ್ನು ಮಣ್ಣು ಮಾಡುವ ಜೀವಗಳನ್ನೆಲ್ಲ ಹಿಡಿದು, ಮೂರು ದೊಡ್ಡ ಮಣ್ಣಿನ ಗುಡಾಣಗಳಲ್ಲಿ ತುಂಬಿ, ಗವಿಯಲ್ಲಿಟ್ಟ.

ಉದುರಿದ ಎಲೆ ಉದುರಿದಂತೆಯೇ ಉಳಿಯಿತು. ಸತ್ತ ಎತ್ತು ಕಣ್ಣು ತೆರೆದೇ ಮಲಗಿತ್ತು. ಎಲೆ ಸೊಂಟದೆತ್ತರ ಬಿದ್ದರೂ ಮಣ್ಣಿಗೆ ಒಂದು ತುತ್ತೂ ಸಿಗಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹುಲ್ಲು ಹುಟ್ಟುವುದು ನಿಂತಿತು.

ಅರಮನೆಯ ತೋಟಗಾತಿ ದ್ಯಾವಿಯ ಹಸು ಬತ್ತಿತು. ಅವಳ ಎದೆಹಾಲೂ ಬತ್ತಿತು. ಕೂಸು ಅಳುವುದನ್ನೇ ಬಿಟ್ಟ ದಿನ ಅವಳು ಗವಿಗೆ ಹೊರಟಳು.

ಗವಿಯ ಬಾಯಲ್ಲಿ ಧೂಮಕ ಕೂತಿದ್ದ. ಇವನ್ನು ಬಿಡಿಸಲು ನೇಮ ಒಂದೇ, ಎಂದ. ಮೂರು ಗುಡಾಣಕ್ಕೂ ಕೈಹಾಕಬೇಕು, ಛೀ ಅನ್ನಬಾರದು. ಅಂದವರ ನಾಲಿಗೆ ಕಲ್ಲಾಗುತ್ತದೆ.

"ದಂಡನಾಯಕನೂ ಬಂದಿದ್ದ, ತಾಯಿ. ಈಗ ಸನ್ನೆಯಲ್ಲೇ ದಂಡು ನಡೆಸುತ್ತಿದ್ದಾನೆ."

ಮೊದಲ ಗುಡಾಣದಿಂದ ಎರೆಹುಳು, ಸಗಣಿಹುಳು, ಗೆದ್ದಲು ಅವಳ ಭುಜದವರೆಗೆ ಹತ್ತಿದವು. ಹಸಿದಿದ್ದಾವೆ, ಪಾಪ, ಎಂದುಕೊಂಡಳು. ಎರಡನೆಯದರಲ್ಲಿ ಬೂಸಲು ಇತ್ತು, ಅಣಬೆಯ ಬಿಳಿ ಎಳೆಗಳಿದ್ದವು. ಬೆರಳಿಗೆ ಸುತ್ತಿಕೊಂಡ ಎಳೆಗಳನ್ನು ಕೂಸಿನ ಕೂದಲಿನ ಸಿಕ್ಕು ಬಿಡಿಸುವಂತೆ ಬಿಡಿಸಿದಳು.

ಮೂರನೆಯದರಲ್ಲಿ ಏನೂ ಕಾಣಲಿಲ್ಲ. ಅಲ್ಲಿದ್ದವು ಕಣ್ಣಿಗೆ ನಿಲುಕದಷ್ಟು ಸಣ್ಣ ಜೀವಗಳು. ನಾತ ಮಾತ್ರ ಮುಖಕ್ಕೆ ಬಡಿಯಿತು. "ಚಿ—" ಎಂದು ಬಾಯಿಂದ ಹೊರಟೇಬಿಟ್ಟಿತು. ದಿನವೂ ಕೂಸಿನ ಕುಂಡೆ ತೊಳೆಯುವಾಗಲೂ ಮೊದಲು ಅಷ್ಟೇ ಹೊರಡುತ್ತಿತ್ತು. ಮಾತಿನ ಉಳಿದರ್ಧ ರೂಢಿಯಿಂದ ತಾನಾಗಿ ಬಂತು.

"—ನ್ನಾ," ಎಂದಳು ದ್ಯಾವಿ. "ಚಿನ್ನಾ, ಬಾ."

ಮೂರೂ ಗುಡಾಣ ಒಡೆದವು. ಮಂತ್ರ ಮುರಿದು ಧೂಮಕನ ಕೂದಲು ಉದುರಿತು. ಮುನ್ನೂರು ವರ್ಷ ಮಣ್ಣಾಗಲು ಹೆದರಿ ಬದುಕಿದ್ದವನು ಅವನು.

"ನೋವಾಗುತ್ತದೆಯೇ?" ಎಂದು ಕೇಳಿದ.

"ಇಲ್ಲಪ್ಪ, ಮಲಗು," ಎಂದು ಅವಳು ಎಲೆ ಹೊದಿಸಿದಳು.

ಬಿಡುಗಡೆಯಾದ ಜೀವಗಳಿಗೆ ಎರಡು ವರ್ಷದ ಹಸಿವು. ಹುಳುಗಳು ಎಲೆ ಕತ್ತರಿಸಿದವು, ಬಿಳಿ ಎಳೆಗಳು ಮರ ಮೆತ್ತಗೆ ಮಾಡಿದವು, ಕಾಣದವು ಉಳಿದದ್ದನ್ನು ಮಣ್ಣಿಗೆ ಉಣಿಸಿದವು. ತಿಂಗಳುಗಳ ಕೆಲಸ ಮೂರೇ ದಿನದಲ್ಲಿ ಮುಗಿಯಿತು. ಅರಸ ಮೂಗು ಮುಚ್ಚಿಕೊಂಡ. ಹುಲ್ಲು ಎದ್ದಿತು, ಮನೆಮನೆಯ ಒಲೆ ಹೊತ್ತಿತು.

ನಾಲ್ಕನೆಯ ಸಂಜೆ ಹಸು ಹಾಲಿಳಿಸಿತು. ದ್ಯಾವಿ ಅದನ್ನು ಒಳಲೆಯ ಮೂತಿಯಿಂದ ಕೂಸಿನ ಬಾಯಿಗೆ ಹನಿಸಿದಳು. ಕೂಸು ಕುಡಿದದ್ದು ಮೂರು ಒಳಲೆ.